ಕೆಂಚಿಗೆ ಕೇಳಿದ ಕನ್ನಡಕ

ಮಾಗಿಯ ಚಳಿ ಇನ್ನೂ ಪೂರ್ತಿ ಬಿಟ್ಟಿರಲಿಲ್ಲ. ಬೆಳಗಿನ ಹತ್ತು ಗಂಟೆಯ ಹೊತ್ತು. ನಾನು ಶಾಲೆಯ ಎರಡನೇ ಗಂಟೆ ಬಾರಿಸಿ, ಕುಡಿಯುವ ನೀರಿನ ಹರವಿ ತೊಳೆದು ತುಂಬಿಸುತ್ತಿದ್ದೆ. ಆಗ ಗೇಟಿನ ಹತ್ತಿರ ಜಬೀನಾ ಟೀಚರು ಬಂದು ನಿಂತರು. ಕೈಯಲ್ಲೊಂದು ಟ್ರಂಕು, ಕಂಕುಳಲ್ಲೊಂದು ಕೊಡೆ, ತಲೆಯ ತುಂಬ ಬಸ್ಸಿನ ಧೂಳು. ಇಂಗ್ಲಿಷ್ ಕಲಿಸುವವರು ಬರುತ್ತಾರೆ ಬರುತ್ತಾರೆ ಎಂದು ಎರಡು ವರ್ಷದಿಂದ ಕಾಯುತ್ತಿದ್ದೆವಲ್ಲ, ಅವರು ಇವರೇ ಎಂದು ನನಗೆ ಹೊಳೆಯುವ ಮೊದಲೇ ಅವರು ನಕ್ಕು, "ಅಜ್ಜಾ, ಒಂದು ಲೋಟ ನೀರು ಕೊಡಿ" ಎಂದುಬಿಟ್ಟರು.

ಜಗಲಿಯ ಮೇಲಿದ್ದ ಮಕ್ಕಳೆಲ್ಲ ಒಂದೇ ಸಲಕ್ಕೆ ತಿರುಗಿ ನೋಡಿದವು. ಕೇಳಿದ ಮೇಲೆ ಕೊಡದೆ ಇರುವುದು ಹೇಗೆ? ಕೊಟ್ಟೆ. ಟೀಚರು ಲೋಟ ಹಿಡಿದರು, ಹಿಡಿದ ಕೈ ಲೋಟದ ಜೊತೆಗೇ ನೆಲಕ್ಕೆ ಹೋಯಿತು. ಎರಡು ಕೈ ಹಾಕಿದರು. ಮೊಣಕಾಲೂರಿ ಎಳೆದರು. ಲೋಟ ಬೇರು ಬಿಟ್ಟ ಹಾಗೆ ಕೂತಿತ್ತು. ಕೊನೆಗೆ ನಾನೇ ಬಗ್ಗಿ ಎರಡು ಬೆರಳಲ್ಲಿ ಲೋಟ ಎತ್ತಿ, ಅವರ ಬೊಗಸೆಗೆ ಹನಿ ಹನಿ ಬಿಟ್ಟೆ. ಬೊಗಸೆಯೂ ಬಾಗುತ್ತಿತ್ತು, ಅರ್ಧ ಕುಡಿದರು, ಅರ್ಧ ಸೀರೆಯ ಮೇಲೆ ಹೋಯಿತು.

"ಏನಜ್ಜ ಇದು?" ಎಂದರು, ಕೈ ನೋಡಿಕೊಳ್ಳುತ್ತ.

"ಹೊಸದಾಗಿ ಬಂದೋರಿಗೆ ಹಂಗೇ ಟೀಚರೆ. ದಾಹ ಆಗೈತೆ ಅಂತ ಮುಖದಾಗೆ ಬರ್ದಿರುತ್ತೆ. ನಾವು ಓದ್ಕಂತೀವಿ. ಬಾಯಿಬಿಟ್ಟು ಕೇಳಬ್ಯಾಡಿ" ಎಂದೆ. ಅದಕ್ಕಿಂತ ಹೆಚ್ಚು ಹೇಳಲು ನನಗೂ ಬರುವುದಿಲ್ಲ. ನಾನು ಕಲಿತದ್ದು ಎರಡನೇ ಕ್ಲಾಸು. ಆಮೇಲೆ ನಲವತ್ತು ವರ್ಷ ನಮ್ಮೂರ ಸಂತೆಪೇಟೆಯಲ್ಲಿ ಹಮಾಲಿ, ಈಗ ಈ ಶಾಲೆಯ ಜವಾನ. ಬೇರೆ ಊರಿನ ಹಮಾಲರು ಮೂಟೆ ಹೊರುತ್ತಾರೆ. ನಮ್ಮೂರಲ್ಲಿ ನಾನು ಹೆಚ್ಚಾಗಿ ಹೊತ್ತದ್ದು ಬಾಯಿತಪ್ಪಿ ನೇರ ಕೇಳಿದವರ ಸಾಮಾನು. ಕೇಳಿದವರಿಗೆ ಮಾತ್ರ ಭಾರ, ನನಗೇನು? ಒಂದು ಸಲ ಬೇರೆ ಊರಿನ ಮದುಮಗನೊಬ್ಬ ಮಾವನ ಹತ್ತಿರ ಕೈಗಡಿಯಾರ ಬೇಕೆಂದು ಕೇಳಿ ಕಟ್ಟಿಸಿಕೊಂಡ. ಅವನ ಎಡಗೈ ಹಿಡಿದುಕೊಂಡು ಸಪ್ತಪದಿ ತುಳಿದವನು ನಾನು.

ನಮ್ಮವರಿಗೆ ಇದೊಂದು ಕಷ್ಟವೆಂದು ಅನ್ನಿಸಿದ್ದೇ ಇಲ್ಲ. "ನಿನ್ನೆ ಸಾರು ಯಾಕೋ ಸಪ್ಪೆ ಇತ್ತು" ಎಂದರೆ ಅಂಗಡಿಯವನು ಉಪ್ಪು ಕಟ್ಟುತ್ತಾನೆ. ಹೆಣ್ಣು ನೋಡಲು ಬಂದವರು "ನಿಮ್ಮ ಮನೆ ಅಂಗಳ ಭಾಳ ಚೊಕ್ಕಟ ಐತೆ" ಎಂದು ಹೊಗಳಿದರೆ ಒಪ್ಪಿಗೆ, ಬರೀ ಕಾಫಿಯನ್ನು ಹೊಗಳಿದರೆ ಬಂದ ದಾರಿ ಹಿಡಿದರು ಎಂದು ಅರ್ಥ. ನೇರ ಹೇಳಿ ಕಿಟಕಿ ತೆಗೆಸಿದರೆ ಅದರ ಗಾಳಿ ಕೂಡ ಹೇಳಿದವರ ಮೇಲೆ ಒದ್ದೆ ಕಂಬಳಿಯ ಹಾಗೆ ಬೀಳುತ್ತದೆ. ಆದ್ದರಿಂದ ಸೆಕೆಯಾದವರು ಕಿಟಕಿಯನ್ನು ನೋಡುತ್ತಾರೆ, ಅಷ್ಟೇ.

ಜಬೀನಾ ಟೀಚರು ಒಂದು ವಾರ ಬಿದ್ದರು, ಎದ್ದರು, ಕಲಿತರು. ತೊಂದರೆಯಾದದ್ದು ಪುಸ್ತಕದಿಂದ. ನಾಲ್ಕನೇ ಕ್ಲಾಸಿನ ಇಂಗ್ಲಿಷ್ ಪುಸ್ತಕದಲ್ಲಿ ಮೊದಲ ಪಾಠದಿಂದಲೂ ಬರೀ ಕೇಳುವುದೇ. ಗಿವ್ ಮಿ ದ ಪೆನ್. ಬ್ರಿಂಗ್ ದ ಬುಕ್. ಓಪನ್ ದ ಡೋರ್. ಮಕ್ಕಳು ತುಟಿ ಬಿಚ್ಚಲಿಲ್ಲ. ಇಂಗ್ಲಿಷ್ ಎಂದರೆ ಹೆದರಿಕೆ ಇರಬೇಕು ಎಂದು ಟೀಚರು ಸಕ್ಕರೆ ಮಿಠಾಯಿ ಹಂಚಿದರು. ಮಿಠಾಯಿ ತಿಂದವು, ಬಾಯಿ ಮುಚ್ಚಿದವು.

ಉಮಾಪತಿ ಅಂತ ಒಬ್ಬನಿದ್ದ, ತರಗತಿಗೆಲ್ಲ ಬಾಯಿ ಜೋರು. "ಇಂಗ್ಲಿಷ್‌ನಾಗೆ ಕೇಳಿದ್ರೆ ಏನೂ ಆಗಲ್ಲ ಕಣ್ರೋ, ಅದು ನಮ್ಮೂರ್ ಭಾಷೆ ಅಲ್ಲ" ಎಂದು ಎದ್ದು ನಿಂತು, ಪಕ್ಕದವಳಿಗೆ ದೊಡ್ಡ ದನಿಯಲ್ಲಿ, "ಗಿವ್ ಮಿ ದ ಪೆನ್!" ಎಂದ. ಅವಳು ಕೊಟ್ಟಳು. ಪೆನ್ನು ಅವನ ಅಂಗೈಯನ್ನು ಡೆಸ್ಕಿಗೆ ಹಾಕಿ ಒತ್ತಿ ಹಿಡಿಯಿತು. ನಾನು ಹೋಗಿ ಬಿಡಿಸುವವರೆಗೂ ಅವನು, "ಇಂಗ್ಲಿಷಿಗೂ ಅದೇ ಕಾನೂನು ಕಣ್ರೋ, ಅದೇ ಕಾನೂನು" ಎಂದು ಅಳುತ್ತಲೇ ನಗುತ್ತಿದ್ದ.

ಟೀಚರು ಮರುದಿನ ಬೇರೆ ದಾರಿ ಹಿಡಿದರು. "ಇಂಗ್ಲಿಷಿನವರೂ ಸುತ್ತಿ ಹೇಳ್ತಾರೆ, ಮಕ್ಕಳೇ. ನಿಮ್ಮ ಹಾಗೇನೇ. ಕೇಳಿ" ಎಂದು, "ಕ್ಯಾನ್ ಯು ಓಪನ್ ದ ವಿಂಡೋ?" ಎಂದರು. ಉಮಾಪತಿ ಎದ್ದ, "ಯೆಸ್ ಮಿಸ್" ಎಂದ, ಕೂತ. ಟೀಚರು ಇನ್ನೊಬ್ಬಳನ್ನು ಕೇಳಿದರು. ಅವಳೂ ಎದ್ದಳು, "ಯೆಸ್ ಮಿಸ್" ಎಂದಳು, ಕೂತಳು. ಸರಿ, ಇನ್ನೂ ಸುತ್ತಿ ಹೇಳೋಣ ಎಂದುಕೊಂಡು ಟೀಚರು ಸೆರಗಿನಿಂದ ಕುತ್ತಿಗೆ ಒರೆಸಿಕೊಳ್ಳುತ್ತ, "ಇಟ್ ಈಸ್ ವೆರಿ ಹಾಟ್ ಇನ್ ಹಿಯರ್" ಎಂದರು. ಇಡೀ ತರಗತಿ ಎದೆ ಸೆಟೆದು, ಒಂದೇ ದನಿಯಲ್ಲಿ, "ಇಟ್ ಈಸ್ ವೆರಿ ಹಾಟ್ ಇನ್ ಹಿಯರ್!" ಎಂದು ಕೂಗಿತು.

ನನಗೆ ಇಂಗ್ಲಿಷಿನ ಒಂದಕ್ಷರ ಬಾರದು. ಜಗಲಿಯಲ್ಲಿ ಕೂತವನು ಎದ್ದು ಒಳಗೆ ಹೋಗಿ ಕಿಟಕಿ ತೆಗೆದೆ. ಗಾಳಿ ಬಂತು. ಟೀಚರು ನನ್ನನ್ನೇ ನೋಡಿದರು.

"ಅಜ್ಜಾ, ನಾನು ಹೇಳಿದ್ದು ನಿಮಗೆ ಹೇಗೆ ಗೊತ್ತಾಯ್ತು?"

"ನೀವು ಕಿಟಕಿ ಕಡೆ ನೋಡಿದ್ರಲ್ಲ ಟೀಚರೆ."

ಟೀಚರು ಕುರ್ಚಿಯಲ್ಲಿ ಕೂತುಬಿಟ್ಟರು. ಆಮೇಲೆ ನಗಲು ಶುರುಮಾಡಿದರು. ಮನೆಯಲ್ಲಿ ಅಜ್ಜಿ ಒಂದು ನಿಟ್ಟುಸಿರು ಬಿಟ್ಟರೆ ಎಲೆಯಡಿಕೆ ತಟ್ಟೆ ತಂದಿಡುವ ಮಕ್ಕಳು ಇವು. ಇಂಗ್ಲಿಷ್ ಶುರುವಾದ ಕೂಡಲೇ ಒಂದೊಂದು ಮಾತನ್ನೂ ಬಿಗಿ ಹಿಡಿಯುವುದರಲ್ಲೇ ಅವರ ಶಕ್ತಿಯೆಲ್ಲ ಮುಗಿಯುತ್ತಿತ್ತು. ಹೊಳೆ ದಾಟುವಾಗ ಕಾಲಡಿಯ ಕಲ್ಲನ್ನೇ ನೋಡುತ್ತ ಹೋದರೆ ಆಚೆ ದಡದಲ್ಲಿ ಕೈ ಬೀಸುವವರು ಕಾಣುತ್ತಾರೆಯೇ? ಹಾಗೆ. ಆವತ್ತಿನಿಂದ ಟೀಚರ ಪಾಠವೇ ಬದಲಾಯಿತು. "ಮಾತು ಕಿವಿಗೆ ಬಿಡಿ, ಕಣ್ಣು ನನ್ನ ಮುಖಕ್ಕೆ ಕೊಡಿ" ಎನ್ನುವರು. ಇಂಗ್ಲಿಷಿನಲ್ಲಿ ಏನೋ ಹೇಳಿ ಹರವಿಯ ಕಡೆ ನೋಡುವರು. ಯಾರಾದರೂ ಓಡಿ ನೀರು ತರುವರು. ಚಾಕ್‌ಪೀಸಿನ ತುಣುಕು ತೋರಿಸಿ ಏನೋ ಹೇಳಿ ಬೀರುವಿನ ಕಡೆ ಹುಬ್ಬು ಎತ್ತುವರು. ಹೊಸ ಚಾಕ್‌ಪೀಸು ಬರುವುದು. ಹದಿನೈದು ದಿನದಲ್ಲಿ ತರಗತಿ ಪಟಪಟನೆ ಹಿಡಿಯತೊಡಗಿತು. ನೇರ ಯಾವುದು, ಸುತ್ತಿದ್ದು ಯಾವುದು, ಸುತ್ತಿದ್ದರಲ್ಲಿ ಎಷ್ಟು ಸುತ್ತು, ಎಲ್ಲ ಗೊತ್ತಾಯಿತು. ಒಬ್ಬಳನ್ನು ಬಿಟ್ಟು ಎಲ್ಲರಿಗೂ ಗೊತ್ತಾಯಿತು.

ಆ ಒಬ್ಬಳು ನನ್ನ ಮೊಮ್ಮಗಳು ಕೆಂಚಿ. ನನ್ನ ಮಗ ದುರುಗಪ್ಪನ ಒಬ್ಬಳೇ ಮಗಳು. ಪುಸ್ತಕ ಮೂಗಿಗೆ ತಾಗಿಸಿಕೊಂಡು ಸರಾಗ ಓದುತ್ತಾಳೆ, ಹೇಳಿದ ಮಾತು ಮರೆಯುವುದಿಲ್ಲ. ಆದರೆ ಟೀಚರ ಆಟದಲ್ಲಿ ಮಾತ್ರ ಗೂಟದ ಹಾಗೆ ನಿಲ್ಲುವಳು. ಟೀಚರು ಇಂಗ್ಲಿಷಿನಲ್ಲಿ ಹೇಳಿ ಕಣ್ಣು ಸನ್ನೆ ಮಾಡುವರು. ಕೆಂಚಿ "ಯೆಸ್ ಮಿಸ್" ಎನ್ನುವಳು. ಎಲ್ಲರೂ ನಗುವರು. "ಕೆಂಚಿ ಮಿಸ್ಸು" ಎಂದು ಹೆಸರಿಟ್ಟರು.

ದುರುಗಪ್ಪನಿಗೆ ಸುದ್ದಿ ಹೋಯಿತು. "ನೋಡಪ್ಪ, ಹೋದ ವರ್ಷಾನೂ ದಡ್ಡಿ ಅಂತ ಬರ್ದಿದ್ರು. ಈ ಸಲ ಪರೀಕ್ಷೆಗೆ ಇಲಾಖೆ ಸಾಹೇಬ್ರು ಬರ್ತಾರಂತೆ. ಆವಾಗ್ಲೂ ಅಂಗೇ ಆದ್ರೆ ಹನುಮಕ್ಕನ ಜೊತೆ ಇಟ್ಟಿಗೆ ಗೂಡಿಗೆ ಹೋಗ್ಲಿ. ಕೈಗೆ ಕೆಲ್ಸನಾದ್ರೂ ಹತ್ತುತ್ತೆ" ಎಂದ. ಹನುಮಕ್ಕ ನನ್ನ ಮಗಳೇ, ಕೆಂಚಿಗೆ ಸೋದರತ್ತೆ. ಎರಡು ಹೊಳೆ ದಾಟಿ ಆಚೆ ಇಟ್ಟಿಗೆ ಗೂಡಿನಲ್ಲಿ ದುಡಿಯುತ್ತಾಳೆ. ಪರೀಕ್ಷೆಯ ದಿನ ಬರುತ್ತೇನೆ ಎಂದು ಹೇಳಿ ಕಳಿಸಿದ್ದಳು. ಮಗ ಕೆಟ್ಟವನಲ್ಲ. ದಡ್ಡಿ ಎಂದು ವರ್ಷ ವರ್ಷ ಅನ್ನಿಸಿಕೊಳ್ಳುವುದಕ್ಕಿಂತ ಕೆಲಸ ಮೇಲು ಎಂದು ಅವನ ಲೆಕ್ಕಾಚಾರ. ಕೆಂಚಿ ಕೇಳಿಸಿಕೊಂಡಳು. ತನ್ನ ಚೀಲದೊಳಗಿನ ಪುಸ್ತಕಗಳನ್ನು ತೆಗೆದು, ಮತ್ತೆ ಒಂದೊಂದಾಗಿ ಜೋಡಿಸಿಟ್ಟಳು.

ಈಗ ಹೇಳಲು ನಾಚಿಕೆ. ಊರಲ್ಲಿ ಸುತ್ತುಮಾತು ಹಿಡಿಯುವುದರಲ್ಲಿ ಭರಮಜ್ಜನನ್ನು ಬಿಟ್ಟರಿಲ್ಲ ಎಂದು ನನಗೊಂದು ಹೆಸರಿತ್ತು. ಆ ಹುಡುಗಿ ಒಂದು ವರ್ಷದಿಂದ ನನಗೆ ಹೇಳುತ್ತಲೇ ಇದ್ದಳು. "ಬೋರ್ಡು ಈಚೀಚೆಗೆ ದೂರ ಹೋಗ್ತೈತೆ ಅಜ್ಜ" ಎಂದಿದ್ದಳು. ಯಾರೋ ಅವಳನ್ನು ಹಿಂದೆ ತಳ್ಳಿದ್ದಾರೆಂದುಕೊಂಡು ಅವಳ ಬೆಂಚನ್ನು ಒಂದು ಗೇಣು ಮುಂದೆ ಎಳೆದಿಟ್ಟಿದ್ದೆ. ಹೊಸ ಟೀಚರು ಬಂದ ಮೇಲೆ, "ನಮ್ ಟೀಚರ್ ಮುಖ ನುಣ್ಣಗೆ, ತೊಳೆದ ತಟ್ಟೆ ಇದ್ದಂಗೈತೆ" ಎಂದಿದ್ದಳು. ಟೀಚರ ಚೆಂದವನ್ನು ಹೊಗಳುತ್ತಿದ್ದಾಳೆ ಎಂದು ನಾನೂ ತಲೆದೂಗಿದ್ದೆ.

ಒಂದು ಸಂಜೆ ಅಂಗಳದಲ್ಲಿ ಕೂತು ಅವಳು ಅಕ್ಕಿ ಆರಿಸುತ್ತಿದ್ದಳು. ಕಲ್ಲನ್ನು ಕಣ್ಣಿನಿಂದ ಹುಡುಕುತ್ತಿಲ್ಲ, ಬೆರಳಿನಿಂದ ಹುಡುಕುತ್ತಿದ್ದಾಳೆ. ನನಗೆ ಏನೋ ತಟ್ಟಿದ ಹಾಗಾಯಿತು. ಬಾಗಿಲ ಹತ್ತಿರ ನಿಂತು, ಮಾತಾಡದೆ, ನನ್ನ ಊರುಗೋಲಿನ ಕಡೆ ನೋಡಿದೆ. ಅವಳು ನನ್ನ ಕಡೆಗೇ ಮುಖ ಮಾಡಿಕೊಂಡಿದ್ದಳು, ಎದ್ದೇಳಲಿಲ್ಲ. "ಮೊಣಕಾಲು ಯಾಕೋ ಹಿಡ್ಕಂಡೈತೆ" ಎಂದು ಬಾಯಲ್ಲಿ ಅಂದೆ. ಚಂಗನೆ ಎದ್ದು ಕೋಲು ತಂದಳು. ಹತ್ತಿರ ಬಂದವಳ ಗಲ್ಲ ಹಿಡಿದು, "ನನ್ನ ಮುಖ ಎಷ್ಟು ದೂರದಿಂದ ಶುರು ಆಗುತ್ತವ್ವ?" ಎಂದೆ.

"ಇಲ್ಲಿಂದಜ್ಜ" ಎಂದಳು. ಅವಳ ಮೂಗಿಗೂ ನನ್ನ ಮೂಗಿಗೂ ನಡುವೆ ಒಂದು ಮೊಳ ಇರಲಿಲ್ಲ.

ಅರ್ಧ ಮಾತು ಕಣ್ಣಿನಲ್ಲೇ ಇರುವ ಊರು ನಮ್ಮದು. ಕನ್ನಡದಲ್ಲಾದರೆ ದನಿಯ ಏರಿಳಿತ ಹಿಡಿದು ಹೇಗೋ ನಡೆಸಿದ್ದಳು. ಇಂಗ್ಲಿಷಿನ ದನಿ ಅವಳಿಗೆ ಪರಿಚಯವಿಲ್ಲ, ಟೀಚರ ಮುಖ ಕಾಣಿಸುವುದಿಲ್ಲ. ಮತ್ತೆ "ಯೆಸ್ ಮಿಸ್" ಎನ್ನದೆ ಪಾಪದ್ದು ಇನ್ನೇನು ಅನ್ನಬೇಕು?

ಸೋಮವಾರದ ಸಂತೆಗೆ ಒಬ್ಬರು ಕಣ್ಣಿನ ಡಾಕ್ಟರು ಬರುತ್ತಿದ್ದರು. ಮರದ ಕೆಳಗೆ ಮೇಜು, ಮೇಜಿನ ಮೇಲೆ ಒಂದು ಪೆಟ್ಟಿಗೆ ತುಂಬ ಕನ್ನಡಕ. ಒಳ್ಳೆಯ ಮನುಷ್ಯ, ಸುಮ್ಮನೆ ಕೊಡುತ್ತಾರೆ. ಆದರೆ ಹೊರಗಿನವರು, "ಏನು ಬೇಕು ಹೇಳಿ" ಎಂದು ಕೇಳುತ್ತಾರೆ. ನಮ್ಮೂರ ಮುದುಕರು ಹೋಗಿ, "ಈ ವರ್ಷ ಮಂಜು ಜಾಸ್ತಿ ಸ್ವಾಮಿ" ಎನ್ನುವರು. "ಹೌದೌದು, ಚಳಿ ಜಾಸ್ತಿ" ಎನ್ನುವರು ಅವರು. ಅಷ್ಟೇ, ಮುದುಕರು ಕೈಮುಗಿದು ವಾಪಸು. ಒಬ್ಬಳೇ ಒಬ್ಬಳು ದ್ಯಾಮವ್ವ, ತಡೆಯಲಾರದೆ, ಕನ್ನಡಕ ಕೊಡಿ ಎಂದು ಕೇಳಿ ಇಸಿದುಕೊಂಡಿದ್ದಳು. ಅದನ್ನು ಅವಳ ಮನೆಯ ಕಂಬಕ್ಕೆ ಹಗ್ಗ ಹಾಕಿ ಕಟ್ಟಿದ್ದಾರೆ. ಏನಾದರೂ ನೋಡಬೇಕೆಂದರೆ ಅವಳೇ ಕಂಬದ ಹತ್ತಿರ ಹೋಗಿ ಮುಖ ಇಡುತ್ತಾಳೆ, ನೋಡಬೇಕಾದ್ದನ್ನು ಮುಂದೆ ತಂದು ಹಿಡಿಯಬೇಕು. ಪುಣ್ಯಕ್ಕೆ ಅವಳಿಗೆ ಮೊಮ್ಮಕ್ಕಳು ಜಾಸ್ತಿ.

ಹಾಗಾಗಿ ಕೆಂಚಿಯನ್ನು ಕರೆದುಕೊಂಡು ಹೋದವನು ನಾನು, ಸುತ್ತಿ ಸುತ್ತಿ ಹೇಳಿದೆ. "ಈ ಮಗೂಗೆ ಟೀಚರ್ ಮುಖ ತಟ್ಟೆ ಇದ್ದಂಗೆ ಕಾಣುತ್ತಂತೆ ಸ್ವಾಮಿ" ಎಂದೆ. ಡಾಕ್ಟರು ನಕ್ಕು, "ಟೀಚರ್ ಅಂದ್ರೆ ಹೆದರಿಕೆನಾ ಪುಟ್ಟಿ?" ಎಂದರು. "ಬೋರ್ಡು ದೂರ ಹೋಗ್ತೈತಂತೆ" ಎಂದೆ. "ಹೆಡ್‌ಮಾಸ್ಟರಿಗೆ ಹೇಳಿ" ಎಂದರು. ನಮ್ಮ ಹಿಂದೆ ಇನ್ನೂ ಹತ್ತು ಊರಿನ ಜನ ನಿಂತಿದ್ದರು. ನಾವು ಬಂದುಬಿಟ್ಟೆವು. ದಾರಿಯಲ್ಲಿ ಕೆಂಚಿ, "ಬಿಡಜ್ಜ, ಇಟ್ಟಿಗೆ ಹತ್ರದಿಂದನೇ ಕಾಣುತ್ತೆ" ಎಂದಳು. ಆ ಮಾತು ನನ್ನ ಎದೆಯಲ್ಲಿ ಈಗಲೂ ಇದೆ.

ನಾನೇ ನೇರ ಕೇಳಬಹುದಿತ್ತಲ್ಲ ಎಂದು ನೀವು ಅನ್ನಬಹುದು. ಆದರೆ ನಮ್ಮೂರಲ್ಲಿ ಹುಟ್ಟಿದವರೆಲ್ಲ ತಾಯಿಯ ಮಡಿಲಿನಿಂದ ಕೇಳಿಕೊಂಡು ಬಂದದ್ದು ಒಂದೇ: ಇನ್ನೊಬ್ಬರಿಗಾಗಿ ಬಾಯಿಬಿಟ್ಟು ಕೇಳಿದರೆ ಆ ಭಾರವೆಲ್ಲ ಹೋಗಿ ಅವರ ಮೇಲೇ ಕೂರುತ್ತದೆ, ಒಂದಕ್ಕೆ ಎರಡಾಗಿ. ತಾಯಂದಿರು ಮಕ್ಕಳಿಗಾಗಿ ಕೇಳುತ್ತಿರಲಿಲ್ಲ. ಗಂಡ ಹೆಂಡತಿಗಾಗಿ ಕೇಳುತ್ತಿರಲಿಲ್ಲ. ಪ್ರೀತಿ ಹೆಚ್ಚಿದ್ದಷ್ಟೂ ಬಾಯಿ ಬಿಗಿ. ಯಾರೂ ಮಾಡಿ ನೋಡಿದ್ದಿಲ್ಲ. ಮಾಡಿ ನೋಡುವಷ್ಟು ಕಲ್ಲೆದೆ ಯಾರಿಗಿತ್ತು?

ಅದನ್ನು ಮಾಡಿ ನೋಡಿದ್ದು ಉಮಾಪತಿ, ಅದೂ ಗೊತ್ತಿಲ್ಲದೆ. ಪರೀಕ್ಷೆಗೆ ಇನ್ನು ಎಂಟು ದಿನ. ಟೀಚರು ಒಬ್ಬರ ಮಾತನ್ನು ಇನ್ನೊಬ್ಬರು ದಾಟಿಸಿ ಹೇಳುವುದನ್ನು ಕಲಿಸುತ್ತಿದ್ದರು. ಒಬ್ಬರು ಕಿವಿಯಲ್ಲಿ ಹೇಳಬೇಕು, ಪಕ್ಕದವರು ಎದ್ದು ಅವರು ಹೀಗೆ ಹೇಳಿದರು ಎಂದು ಇಂಗ್ಲಿಷಿನಲ್ಲಿ ಒಪ್ಪಿಸಬೇಕು. ಕೆಂಚಿಯ ಸರದಿ ಬಂತು. ತಪ್ಪಾದರೆ ಮತ್ತೆ ನಗುತ್ತಾರೆಂದು ಅವಳು ಉಮಾಪತಿಯ ಕಿವಿಯಲ್ಲಿ, ಬರೆಯಲು ಬಳಪ ಮುಗಿದಿದೆ ಎಂದಷ್ಟೇ ಹೇಳಿದಳು. ಅವನು ಎದ್ದು, ಅವಸರದ ಹುಡುಗ, ಮಧ್ಯದ ಮಾತೆಲ್ಲ ನುಂಗಿ, "ಮಿಸ್, ಗಿವ್ ಕೆಂಚಿ ಎ ಚಾಕ್!" ಎಂದುಬಿಟ್ಟ.

ಉಮಾಪತಿ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡ. "ಅಯ್ಯೋ, ಅವಳ ಕೈ ಮುರೀತು" ಎಂದು ಒಬ್ಬಳು ಅಳತೊಡಗಿದಳು. ನಾನು ಓಡಿದೆ, ಈ ವಯಸ್ಸಿನಲ್ಲಿ ಓಡಿದೆ. ಅಷ್ಟರಲ್ಲಿ ಟೀಚರು ಚಾಕ್‌ಪೀಸು ಕೊಟ್ಟಾಗಿತ್ತು. ಕೆಂಚಿ ಅದನ್ನು ಹಿಡಿದು ಕೈ ಎತ್ತಿದಳು. ಮೇಲೆ ಎಸೆದಳು, ಹಿಡಿಯಲಾಗದೆ ಕೆಳಗೆ ಬಿತ್ತು, ಟಿಕ್ ಎಂದು ಎರಡು ಚೂರಾಯಿತು. "ಹಗೂರೈತೆ!" ಎಂದಳು. ಉಮಾಪತಿ ಒಂದು ಚೂರು ಎತ್ತಲು ಹೋದ. ಎತ್ತಲಾಗಲಿಲ್ಲ. ಮುಕ್ಕಿರಿದ. ಆಗಲಿಲ್ಲ. ಭಾರ ಕೇಳಿದವನಿಗೇ ಉಳಿದಿತ್ತು; ಕೊಡಿಸಿಕೊಂಡವಳ ಹತ್ತಿರ ಹೋಗಿಯೇ ಇರಲಿಲ್ಲ.

ನಾನು ಬಾಗಿಲ ಚೌಕಟ್ಟು ಹಿಡಿದು ನಿಂತೆ. ನನ್ನ ಹೆಂಡತಿ ಗಂಗಮ್ಮ ಕೊನೆಯ ಜ್ವರದಲ್ಲಿ ಮಲಗಿದ್ದ ದಿನ ನೆನಪಾಯಿತು. ಡಾಕ್ಟರ ಮುಂದೆ ನಿಂತು ನಾನು ಮಳೆಗಾಳಿಯ ಮಾತಾಡುತ್ತಿದ್ದೆ, ಅವಳಿಗೆ ಭಾರವಾಗದಿರಲಿ ಎಂದು. ಅವಳೂ ಮಂಚದಿಂದ ನನ್ನನ್ನೇ ನೋಡುತ್ತಿದ್ದಳು, ಹೇಳಬೇಡ ಎಂದು ಕಣ್ಣಲ್ಲೇ ಹೇಳುತ್ತಿದ್ದಳು. ಒಂದು ಮಾತು. ನನ್ನ ಬೆನ್ನಿಗೆ ಅದೇನು ದೊಡ್ಡ ಹೊರೆ?

ಸೋಮವಾರ ಬಂತು. ಕೆಂಚಿಯ ಕೈ ಹಿಡಿದು ಸಂತೆಗೆ ಹೋದೆ. ಸಾಲಿನಲ್ಲಿ ನಮ್ಮೂರ ಮುದುಕರಿದ್ದರು, ದ್ಯಾಮವ್ವನ ಮೊಮ್ಮಗ ಇದ್ದ. ಡಾಕ್ಟರು ನನ್ನ ಗುರುತು ಹಿಡಿದು, "ಏನಜ್ಜ, ಮತ್ತೆ ಬಂದ್ರಿ, ಏನು ಬೇಕು?" ಎಂದರು. ಎಪ್ಪತ್ತು ವರ್ಷದಲ್ಲಿ ನಾನು ಆಡದ ಮಾತು, ನಾಲಿಗೆಯ ಮೇಲೆ ತರುವುದಕ್ಕೆ ಸ್ವಲ್ಪ ಹೊತ್ತು ಹಿಡಿಯಿತು.

"ನನ್ನ ಮೊಮ್ಮಗಳಿಗೆ ಕಣ್ಣು ಕಾಣ್ಸಲ್ಲ. ಅವಳಿಗೆ ಒಂದು ಕನ್ನಡಕ ಕೊಡಿ ಸ್ವಾಮಿ."

"ಹೋದ ಸಲಾನೇ ಹೇಳೋದಲ್ವಾ!" ಎಂದರು ಡಾಕ್ಟರು. ನಮ್ಮ ಮುದುಕರು ಮುಖ ತಿರುಗಿಸಿಕೊಂಡರು. ಒಬ್ಬ, "ಲೇ ಭರಮ, ಮಗೂ ಕುತ್ತಿಗೆ ಕಣೋ" ಎಂದು ಗೋಗರೆದ. ಡಾಕ್ಟರು ಗಾಜು ಹಾಕಿ ತೆಗೆದು, ಹಾಕಿ ತೆಗೆದು, ಕೊನೆಗೊಂದು ಕನ್ನಡಕ ಅವಳ ಕಿವಿಗೆ ಸಿಕ್ಕಿಸಿದರು. ನಾನು ಕಣ್ಣು ಮುಚ್ಚಿಕೊಂಡೆ.

"ಅಜ್ಜ" ಎಂದಳು ಕೆಂಚಿ, "ಮರದ ತುಂಬ ಎಲೆ ಬಿಡಿ ಬಿಡಿ ಅದಾವೆ."

ಕಣ್ಣು ತೆರೆದೆ. ತಲೆ ಎತ್ತಿ ನೋಡುತ್ತಿದ್ದಳು. ಕುತ್ತಿಗೆ ನೆಟ್ಟಗಿತ್ತು. ಆಮೇಲೆ ನನ್ನ ಕಡೆ ತಿರುಗಿ, "ನಿನ್ನ ಹುಬ್ಬು ಬೆಳ್ಳಗಾಗೈತಲ್ಲಜ್ಜ, ನಂಗೆ ಯಾರೂ ಹೇಳ್ಲೇ ಇಲ್ಲ" ಎಂದಳು. ನಮ್ಮ ಹಿಂದೆ ನಿಂತಿದ್ದ ಮುದುಕರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆವತ್ತು ಸಂಜೆಯೊಳಗೆ ಒಬ್ಬರಿಗಾಗಿ ಇನ್ನೊಬ್ಬರು ಕೇಳಿ ಕೇಳಿ ಡಾಕ್ಟರ ಪೆಟ್ಟಿಗೆ ಖಾಲಿಯಾಯಿತು. ದ್ಯಾಮವ್ವನಿಗೂ ಮೊಮ್ಮಗ ಹೊಸದೊಂದನ್ನು ಕೇಳಿ ತಂದ. ಕಂಬದ ಕನ್ನಡಕ ಅಲ್ಲೇ ಇದೆ, ಅದಕ್ಕೆ ಅವಳು ಈಗ ಕುಂಕುಮ ಇಡುತ್ತಾಳೆ.

ಕೆಂಚಿಯ ಕನ್ನಡಕ ನನ್ನ ಕೈಗೆ ಇಂದಿಗೂ ಬಾರದು. ಬೆಳಿಗ್ಗೆ ಚಾಪೆಯ ಪಕ್ಕ ಬಿಟ್ಟಿದ್ದರೆ ಎತ್ತಿಡೋಣ ಎಂದು ಬಗ್ಗುತ್ತೇನೆ, ಬೀಸುವ ಕಲ್ಲನ್ನು ಮುಟ್ಟಿದ ಹಾಗೆ. ನಲವತ್ತು ವರ್ಷ ಊರಿನ ಹೊರೆ ಹೊತ್ತ ಕೈ ಆ ಎರಡು ಗಾಜಿನ ಮುಂದೆ ಸೋಲುತ್ತದೆ. ಹಾಗೆ ಸೋತಾಗಲೆಲ್ಲ ಎರಡೂ ಕೈ ಜೋಡಿಸುತ್ತೇನೆ.

ಕೆಂಚಿ ಶಾಲೆಯಲ್ಲಿ ಟೀಚರ ಮುಖವನ್ನು ಮೊದಲ ಸಲ ನೋಡಿದವಳು, ನೋಡುತ್ತಲೇ ಇದ್ದಳು. ಎಲ್ಲರೂ ತಿಂಗಳಿಂದ ಕಲಿತದ್ದನ್ನು ನಾಲ್ಕು ದಿನದಲ್ಲಿ ಹಿಡಿದಳು. ಟೀಚರು ನನ್ನ ಹತ್ತಿರ ಬಂದು, "ಅಜ್ಜಾ, ನಾನು ಇವಳನ್ನ ದಡ್ಡಿ ಅಂದ್ಕೊಂಡಿದ್ದೆ. ತಪ್ಪಾಯ್ತು" ಎಂದು ಕಣ್ಣು ತುಂಬಿಕೊಂಡರು. "ನಾನೂ ಅಜ್ಜ ಆಗಿ ಏನು ನೋಡಿದ್ನವ್ವ" ಎಂದೆ. ಆದರೆ ಕೆಂಚಿ ಒಂದು ಮಧ್ಯಾಹ್ನ ಊಟದ ತಟ್ಟೆ ಹಿಡಿದು ನನ್ನ ಪಕ್ಕ ಕೂತು ಮೆಲ್ಲಗೆ, "ಟೀಚರ್ ಮುಖದಾಗೆ ಒಂದು ಮಾತೈತೆ ಅಜ್ಜ. ಯಾರ್ಗೂ ಹೇಳ್ತಿಲ್ಲ" ಎಂದಳು. "ಅಂಚೆಯೋನು ಬಂದು ಹೋದ್ಮ್ಯಾಲೆ ನಮ್ಮನ್ನ ನೋಡಿ ನಗ್ತಾರೆ. ನಾವು ತಲೆ ಬಗ್ಗಿಸಿ ಬರೀತೀವಲ್ಲ, ಆವಾಗ ರಸ್ತೆ ನೋಡ್ತಾರೆ. ಬಸ್ ಬರೋ ರಸ್ತೆ ಅಲ್ಲ. ಹೋಗೋ ರಸ್ತೆ."

ನಾನು ವಿಚಾರಿಸಿದೆ, ನಮ್ಮ ರೀತಿಯಲ್ಲೇ. ಟೀಚರ ತಾಯಿ ಅವರೂರಲ್ಲಿ ಹಾಸಿಗೆ ಹಿಡಿದಿದ್ದರು. ನೋಡಿಕೊಳ್ಳಲು ಪಕ್ಕದ ಮನೆಯವರು. ಟೀಚರು ವರ್ಗಾವಣೆ ಬೇಕೆಂದು ಮೇಲಿನವರಿಗೆ ಬರೆದಿರಲಿಲ್ಲ. ನಮ್ಮ ಊರನ್ನು ಅವರು ಅಷ್ಟು ಚೆನ್ನಾಗಿ ಕಲಿತುಬಿಟ್ಟಿದ್ದರು. ತಾವಾಗಿ ಕೇಳಿ ಹೋದರೆ ತಾಯಿಯ ಮುಂದೆ ಕೂರುವುದೂ ಭಾರವಾದೀತು ಎಂದು ಹೆದರಿದ್ದರು.

ಪರೀಕ್ಷೆಯ ದಿನ ಬಿಸಿಲು ಚುರುಗುಟ್ಟುತ್ತಿತ್ತು. ದುರುಗಪ್ಪ ಬಂದು ಗೋಡೆಗೆ ಒರಗಿ ನಿಂತಿದ್ದ. ಹನುಮಕ್ಕ ಬಟ್ಟೆಗಂಟಿನ ಸಮೇತ ಜಗಲಿಯಲ್ಲಿ ಕೂತಿದ್ದಳು. ಸಾಹೇಬರು ದೊಡ್ಡ ಮೈಯವರು, ಬೆವರುತ್ತಿದ್ದರು. ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಕೇಳಿ ಕೆಂಚಿಯ ಹತ್ತಿರ ಬಂದರು, ಹೆಸರಿನ ಮುಂದೆ ಹೋದ ವರ್ಷ ಏನು ಬರೆದಿದೆಯೋ ನೋಡಿದರು, ಹುಬ್ಬು ಗಂಟಿಕ್ಕಿದರು. ಪ್ರಶ್ನೆ ಕೇಳುವ ಬದಲು ಕರವಸ್ತ್ರದಿಂದ ಗಾಳಿ ಹಾಕಿಕೊಳ್ಳುತ್ತ, ತಮ್ಮಷ್ಟಕ್ಕೆ, "ವಾಟ್ ಎ ಹಾಟ್ ಡೇ!" ಎಂದರು. ಕಣ್ಣು ಒಂದು ಗಳಿಗೆ ಮೂಲೆಯ ಕಡೆ ಹೋಗಿ ಬಂತು.

ಕೆಂಚಿ ಎದ್ದು ಹೋಗಿ ಹರವಿಯಿಂದ ನೀರು ತಂದು ಅವರ ಮುಂದೆ ಹಿಡಿದಳು. ಸಾಹೇಬರು ಲೋಟ ಎತ್ತಿ ಗಟಗಟ ಕುಡಿದರು. ಕುಡಿದ ಮೇಲೆ ಅವರಿಗೆ ಹೊಳೆಯಿತು. "ಅರೆ! ನಾನು ನೀರು ಅಂತ ಹೇಳ್ಲೇ ಇಲ್ವಲ್ಲ?"

"ಯೆಸ್ ಸರ್" ಎಂದಳು ಕೆಂಚಿ. ಆವತ್ತು ಯಾರೂ ನಗಲಿಲ್ಲ. ಆಮೇಲೆ ಸಾಹೇಬರು ಪುಸ್ತಕದಿಂದ ಕೇಳಿದ್ದಕ್ಕೂ ಬೋರ್ಡಿನಿಂದ ಕೇಳಿದ್ದಕ್ಕೂ ಪಟಪಟನೆ ಹೇಳಿದಳು. ಸಾಹೇಬರು ಹಳೆಯ ಷರಾ ಹೊಡೆದುಹಾಕಿ ಹೊಸದು ಬರೆದರು, ದೊಡ್ಡ ದನಿಯಲ್ಲಿ ಓದಿಯೂ ಹೇಳಿದರು. ಗೋಡೆಗೆ ಒರಗಿದ್ದ ದುರುಗಪ್ಪ ಟವಲಿನಿಂದ ಮುಖ ಒರೆಸಿಕೊಂಡ. "ಬೆವರು" ಎಂದ, ಯಾರೂ ಕೇಳದಿದ್ದರೂ. ಹನುಮಕ್ಕ ತನ್ನ ಗಂಟಿನಿಂದ ಕೆಂಚಿಗೆಂದು ತಂದಿದ್ದ ಕೆಲಸದ ಹಳೇ ಬಟ್ಟೆ ತೆಗೆದು ಮಡಚಿ ತನ್ನ ತೊಡೆಯಡಿ ಇಟ್ಟುಕೊಂಡಳು. "ನಮ್ ಗೂಡಿನಾಗೆ ಇಷ್ಟು ಬುದ್ಧಿ ಬೇಕಾಗಲ್ಲ ಬಿಡಪ್ಪ" ಎಂದು ನನ್ನ ಕಡೆ ನೋಡಿ ನಕ್ಕಳು.

"ಜಾಣೆ ನೀನು. ಏನು ಬೇಕು ಕೇಳು, ಕೊಡಿಸ್ತೀನಿ" ಎಂದರು ಸಾಹೇಬರು.

ಕೆಂಚಿ ಒಮ್ಮೆ ಟೀಚರ ಮುಖ ನೋಡಿದಳು. ಟೀಚರು ಬೇಡ ಬೇಡ ಎಂದು ಕಣ್ಣಲ್ಲೇ ಅಂದರು. ಅದು ಅವಳಿಗೆ ಚೆನ್ನಾಗಿ ಕಂಡಿತು. ಕಂಡೂ, ಸಾಹೇಬರ ಕಡೆ ತಿರುಗಿ, ಒಂದೊಂದು ಮಾತನ್ನೂ ಬಿಡಿಸಿ, "ಸೆಂಡ್ ಮೈ ಟೀಚರ್ ಟು ಹರ್ ಮದರ್" ಎಂದಳು. ಇಂಗ್ಲಿಷ್ ಸಾಲದೇನೋ ಎಂದು ಕನ್ನಡದಲ್ಲೂ ಹೇಳಿದಳು: "ನಮ್ ಟೀಚರ್ನ ಅವರವ್ವನ ಊರಿಗೆ ಕಳ್ಸಿ ಸರ್. ನಾನು ಕೇಳ್ತಾ ಇವ್ನಿ."

ಉಮಾಪತಿ ಎದ್ದ. "ನಾನೂ ಕೇಳ್ತಾ ಇವ್ನಿ ಸರ್" ಎಂದ. ಆಮೇಲೆ ಮಕ್ಕಳೆಲ್ಲ ಎದ್ದು ಕೇಳಿದವು.

ಆದೇಶದ ಲಕೋಟೆ ಇಪ್ಪತ್ತು ದಿನಕ್ಕೆ ಬಂತು. ನಾನು ಮೇಜಿನ ಮೇಲಿಟ್ಟೆ. ಕೆಂಚಿ ತನ್ನ ಕೈಯಿಂದಲೇ ಟೀಚರಿಗೆ ಕೊಡಬೇಕೆಂದು ಹೋದಳು, ಎತ್ತಲು ಅವಳಿಂದಾಗಲಿಲ್ಲ. ಉಮಾಪತಿ ಕೈ ಹಾಕಿದ, ಇನ್ನೂ ಹನ್ನೆರಡು ಕೈ ಸೇರಿದವು. ಕಾಗದ ಅಲುಗಲಿಲ್ಲ. ಟೀಚರು ಬಂದು ಆ ಪುಟ್ಟ ಕೈಗಳ ಅಡಿಯಲ್ಲಿ ತಮ್ಮ ಕೈ ತೂರಿಸಿ, ಹೂವು ಎತ್ತಿಕೊಂಡ ಹಾಗೆ ಎತ್ತಿಕೊಂಡರು.

ಬಸ್ಸಿನ ಹತ್ತಿರ ಊರೇ ಬಂದಿತ್ತು. ಟ್ರಂಕನ್ನು ನಾನೇ ಹೊತ್ತು ಮೇಲೆ ಹಾಕಿದೆ, ಯಾರು ಬೇಡವೆಂದರೂ ಬಿಡಲಿಲ್ಲ. ಟೀಚರು ಮಕ್ಕಳ ತಲೆ ಸವರಿದರು, ನನ್ನ ಕಾಲು ಮುಟ್ಟಲು ಬಂದರು, ನಾನು ಕೈ ಹಿಡಿದುಕೊಂಡೆ. ಬಸ್ಸು ಹೊರಟಿತು. ನನ್ನ ಹಳೆಯ ಕಣ್ಣಿಗೆ ಸ್ವಲ್ಪ ದೂರಕ್ಕೇ ಬರೀ ಧೂಳು. ಕೆಂಚಿ ನನ್ನ ಕೈ ಹಿಡಿದು, ಕನ್ನಡಕ ಮೇಲೆ ತಳ್ಳಿ, ನೋಡಿ ನೋಡಿ ಹೇಳುತ್ತಿದ್ದಳು.

"ಹಿಂದ್ಗಡೆ ಗಾಜಿಗೆ ಬಂದವ್ರೆ ಅಜ್ಜ. ನಗ್ತಾವ್ರೆ. ಈಗ ಸೆರಗಿನಾಗೆ ಕಣ್ಣು ಒರೆಸ್ಕಂಡ್ರು. ಮತ್ತೆ ನಗ್ತಾವ್ರೆ. ನಿನ್ನೇ ನೋಡ್ತಾವ್ರೆ ಅಜ್ಜ, ಕೈ ಎತ್ತು."

ಎತ್ತಿದೆ. ಕೆಂಚಿ ಸಾಕು ಎನ್ನುವವರೆಗೂ ಇಳಿಸಲಿಲ್ಲ. ಜಬೀನಾ ಟೀಚರು ನಮ್ಮೂರಿನಿಂದ ಹೋದದ್ದು ಹಾಗೆ; ಆವತ್ತು ಬುಧವಾರ.